ಸೀನು, ಗಂಧೆ ಮತ್ತು ಅಮ್ಮಂದಿರ ನೆನಪು

ಅಕ್ಕನ ಮಗನಿಗೆ ಮೂರೂವರೆ ವರ್ಷ ಇದ್ದಾಗ ಲ್ಯುಕೇಮಿಯಾ ಅಂತ ಗೊತ್ತಾಯ್ತು. ಮಕ್ಕಳಿಗೆ ಬರೋ ರಕ್ತದ ಕ್ಯಾನ್ಸರಿನಲ್ಲಿ ಅತಿ ಸಾಮಾನ್ಯವಾದ ಬಗೆ, ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ. ವಾರ್ಡಿನಲ್ಲಿ ಎಲ್ಲರೂ ಎಎಲ್ಎಲ್ ಅಂತಲೇ ಕರೀತಾರೆ. ಎರಡು ವರ್ಷಕ್ಕೂ ಮೇಲೆ ಚಿಕಿತ್ಸೆ ನಡೀತು. ಈಗ ಹುಡುಗ ಚೆನ್ನಾಗಿದ್ದಾನೆ, ಒಂದನೇ ಕ್ಲಾಸಿಗೆ ಹೋಗ್ತಾನೆ, ಲ್ಯಾಪ್‌ಟಾಪ್ ಮುಟ್ಟಬೇಡ ಅಂದ್ರೆ ಮೊದಲು ಅದನ್ನೇ ಮುಟ್ತಾನೆ. ಇದನ್ನ ಮೊದಲೇ ಹೇಳಿಬಿಡ್ತೀನಿ. ಇಲ್ಲದಿದ್ದರೆ ಓದೋರು ಮಗು ಏನಾಯ್ತು ಅಂತ ಕೊನೇ ಪ್ಯಾರಾಕ್ಕೆ ಹಾರ್ತಾರೆ.

ಆಸ್ಪತ್ರೆ ಸೇರಿದ ಮೊದಲ ವಾರ ಅಕ್ಕ ರಾತ್ರಿ ಹನ್ನೊಂದರ ಹೊತ್ತಿಗೆ ಫೋನ್ ಮಾಡಿದ್ಲು. "ಲೋ, ಇವನಿಗೆ ವರ್ಷ ತುಂಬೋಕೆ ಮುಂಚೆ ಮೈಯೆಲ್ಲ ಗಂಧೆ ಏಳ್ತಿತ್ತಲ್ಲ, ಅವ್ವ ಕಂಬಳಿ ಹೊದಿಸಿ ಮಲಗಿಸ್ತಿದ್ಳು, ನೆನಪಿದ್ಯಾ? ಅಲರ್ಜಿ ಅಂದಿದ್ರು. ಅದಕ್ಕೂ ಇದಕ್ಕೂ ಏನಾದ್ರೂ ಸಂಬಂಧ ಇರುತ್ತೇನೋ? ಆಗಲೇ ದೊಡ್ಡ ಡಾಕ್ಟ್ರಿಗೆ ತೋರಿಸಬೇಕಿತ್ತೇನೋ?" ಇಲ್ಲ ಬಿಡಕ್ಕ, ಮಲ್ಕೋ ಅಂದೆ. ಎರಡು ತಿಂಗಳಾದ ಮೇಲೆ ಯಾರೋ ಪುಣ್ಯಾತ್ಮರು ಅವಳಿಗೆ ಒಂದು ವಾಟ್ಸಾಪ್ ಫಾರ್ವರ್ಡ್ ಕಳಿಸಿದ್ರು. ಮಗುವನ್ನ ಅತಿ ಸ್ವಚ್ಛವಾಗಿ, ಹೊರಗೆ ಬಿಡದೆ ಬೆಳೆಸಿದ್ರೆ ಬ್ಲಡ್ ಕ್ಯಾನ್ಸರ್ ಬರುತ್ತೆ, ಬ್ರಿಟನ್ ವಿಜ್ಞಾನಿ ಕಂಡುಹಿಡಿದಿದ್ದಾರೆ, ಅಂತ. ನಮ್ಮ ಹುಡುಗನ ಎಳೆತನ ಪೂರ್ತಿ ಲಾಕ್‌ಡೌನಿನಲ್ಲಿ ಕಳೆದಿತ್ತು. ಬಾಗಿಲಿಗೆ ಸ್ಯಾನಿಟೈಸರ್, ಬಂದ ತರಕಾರಿಗೂ ಸ್ನಾನ. ಈ ಸಲ ಅಕ್ಕ ಫೋನ್ ಮಾಡಲಿಲ್ಲ. ಮೆಸೇಜನ್ನ ನನಗೆ ಕಳಿಸಿ ಸುಮ್ಮನಾದ್ಲು. ಅವಳು ಸುಮ್ಮನಾದದ್ದೇ ನನಗೆ ಹೆಚ್ಚು ಭಯ ಆಯ್ತು.

ನಾನು ಡಾಕ್ಟರಲ್ಲ, ಕಂಪ್ಯೂಟರ್ ಸೈನ್ಸ್ ಬಿಇ ಮಾಡಿದವನು. ಆದರೆ ಲಾಗ್ ಫೈಲ್ ಓದಿ ತಪ್ಪೆಲ್ಲಿ ಅಂತ ಹುಡುಕೋದು ನನ್ನ ಹೊಟ್ಟೆಪಾಡು. ಹಾಗಾಗಿ ಅಕ್ಕನ ಎರಡು ಪ್ರಶ್ನೆಗಳ ಹಿಂದೆ ಬಿದ್ದೆ. ಅಲರ್ಜಿಗೂ ಮಕ್ಕಳ ಲ್ಯುಕೇಮಿಯಾಕ್ಕೂ ನಂಟಿದೆಯಾ ಅನ್ನೋ ಪ್ರಶ್ನೆಗೆ ತನ್ನದೇ ಒಂದು ಇತಿಹಾಸ ಇದೆ ಅಂತ ಆಗ ಗೊತ್ತಾಯ್ತು. ಆ ಇತಿಹಾಸದ ಉದ್ದಕ್ಕೂ ಬಾಗಿಲಲ್ಲಿ ನಿಂತಿರೋರು ಅಮ್ಮಂದಿರೇ.

ಶುರು ಮಾಡಬೇಕಾದ್ದು 1950ರ ದಶಕದ ಇಂಗ್ಲೆಂಡಿನಿಂದ. ಆಕ್ಸ್‌ಫರ್ಡಿನಲ್ಲಿ ಆಲಿಸ್ ಸ್ಟುವರ್ಟ್ ಅಂತ ಒಬ್ಬ ವೈದ್ಯೆ ಇದ್ರು. ಮಕ್ಕಳಲ್ಲಿ ಲ್ಯುಕೇಮಿಯಾ ಸಾವು ಯಾಕೆ ಹೆಚ್ಚಾಗ್ತಿದೆ ಅಂತ ಆಗ ಯಾರಿಗೂ ತಿಳಿದಿರಲಿಲ್ಲ. ಸ್ಟುವರ್ಟ್ ಮಾಡಿದ್ದು ಸರಳವಾದ ಕೆಲಸ. ಮಗು ಕಳಕೊಂಡ ತಾಯಂದಿರನ್ನೂ, ಆರೋಗ್ಯವಂತ ಮಕ್ಕಳ ತಾಯಂದಿರನ್ನೂ ಒಂದೇ ಪ್ರಶ್ನೆಪಟ್ಟಿ ಹಿಡಿದು ಕೇಳಿಸಿದ್ರು. ಬಸಿರಿನಲ್ಲಿ ಏನಾಯ್ತು, ಏನು ತಿಂದ್ರಿ, ಎಕ್ಸ್-ರೇ ತೆಗೆಸಿದ್ರಾ. ಹೀಗೆ ಕಾಯಿಲೆ ಬಂದವರನ್ನೂ ಬರದವರನ್ನೂ ಪಕ್ಕಪಕ್ಕ ಇಟ್ಟು ಹಿಂದಕ್ಕೆ ನೋಡೋ ವಿಧಾನಕ್ಕೆ ಕೇಸ್-ಕಂಟ್ರೋಲ್ ಅಧ್ಯಯನ ಅಂತಾರೆ. 1956ರಲ್ಲಿ ಮೊದಲ ಫಲಿತಾಂಶ ಬಂತು. ಸತ್ತ ಮಕ್ಕಳ ತಾಯಂದಿರಲ್ಲಿ, ಬಸಿರಿನಲ್ಲಿ ಹೊಟ್ಟೆಯ ಎಕ್ಸ್-ರೇ ತೆಗೆಸಿಕೊಂಡವರು ಸುಮಾರು ಎರಡು ಪಟ್ಟು ಹೆಚ್ಚು.

ವೈದ್ಯಲೋಕ ಒಪ್ಪಲಿಲ್ಲ. ಮುಖ್ಯವಾದ ತಕರಾರು ಒಂದೇ: ಮಗು ಸತ್ತ ತಾಯಿ ತನ್ನ ಬಸಿರಿನ ಒಂಬತ್ತು ತಿಂಗಳನ್ನ ಸಾವಿರ ಸಲ ತಿರುವಿ ಹಾಕಿರ್ತಾಳೆ, ಅವಳಿಗೆ ಎಲ್ಲ ನೆನಪಿರುತ್ತೆ. ಮಗು ಆಡಿಕೊಂಡಿರೋ ತಾಯಿಗೆ ಆ ಎಕ್ಸ್-ರೇ ಮರೆತೇ ಹೋಗಿರುತ್ತೆ. ಇದಕ್ಕೆ ರೀಕಾಲ್ ಬಯಾಸ್, ಅಂದ್ರೆ ನೆನಪಿನ ಪಕ್ಷಪಾತ, ಅಂತ ಹೆಸರು. ಮಾತು ಬಗೆಹರಿದದ್ದು 1962ರಲ್ಲಿ. ಅಮೆರಿಕದ ಬ್ರಯನ್ ಮ್ಯಾಕ್‌ಮಹನ್ ಯಾರ ನೆನಪನ್ನೂ ಕೇಳದೆ, ಆಸ್ಪತ್ರೆಗಳ ಹೆರಿಗೆ ದಾಖಲೆಗಳಿಂದಲೇ ಏಳು ಲಕ್ಷಕ್ಕೂ ಹೆಚ್ಚು ಮಕ್ಕಳ ಲೆಕ್ಕ ತೆಗೆದ್ರು. ಬಸಿರಿನಲ್ಲಿ ಎಕ್ಸ್-ರೇ ಆದ ಮಕ್ಕಳಲ್ಲಿ ಕ್ಯಾನ್ಸರ್ ಸಾವು ಸುಮಾರು 40 ಶೇಕಡಾ ಹೆಚ್ಚಿತ್ತು. ಪ್ರಮಾಣ ಕಡಿಮೆ, ದಿಕ್ಕು ಅದೇ. ಈ ಸಲ ಅಮ್ಮಂದಿರ ನೆನಪು ಗೆದ್ದಿತ್ತು. ಇವತ್ತು ಬಸುರಿಯರನ್ನ ಎಕ್ಸ್-ರೇ ಕೋಣೆ ಬಾಗಿಲಲ್ಲೇ ನಿಲ್ಲಿಸಿ ಕೇಳ್ತಾರಲ್ಲ, ಅದರ ಹಿಂದೆ ಈ ಕಥೆ ಇದೆ.

ಹಾಗಂತ ಎಲ್ಲ ಲ್ಯುಕೇಮಿಯಾಕ್ಕೂ ಎಕ್ಸ್-ರೇ ಕಾರಣ ಆಗೋಕೆ ಸಾಧ್ಯವಿರಲಿಲ್ಲ. ಇನ್ನೇನು? ಸೋಂಕು ಅನ್ನೋ ಗುಮಾನಿ ಹಳೇದು. 1917ರಷ್ಟು ಹಿಂದೆಯೇ ಗಾರ್ಡನ್ ವಾರ್ಡ್ ಅನ್ನೋರು ಅಕ್ಯೂಟ್ ಲ್ಯುಕೇಮಿಯಾಕ್ಕೆ ಸೋಂಕೇ ಕಾರಣವಾ ಅಂತ ಬರೆದಿದ್ರು. ಕಾಯಿಲೆ ಎರಡರಿಂದ ಐದು ವರ್ಷದ ಮಕ್ಕಳಲ್ಲೇ ಹೆಚ್ಚು. ಮಕ್ಕಳು ನೆಗಡಿ, ಜ್ವರ ಹಂಚಿಕೊಳ್ಳೋ ವಯಸ್ಸೂ ಅದೇ. ಆದರೆ ಯಾವ ವೈರಸ್ಸೂ ಕೈಗೆ ಸಿಗಲಿಲ್ಲ.

ಮತ್ತೆ ಸುದ್ದಿ ಎದ್ದದ್ದು 1983ರಲ್ಲಿ. ಇಂಗ್ಲೆಂಡಿನ ಸೆಲ್ಲಾಫೀಲ್ಡ್ ಅಣು ಸ್ಥಾವರದ ಪಕ್ಕದ ಸೀಸ್ಕೇಲ್ ಅನ್ನೋ ಪುಟ್ಟ ಊರಿನಲ್ಲಿ ಮಕ್ಕಳ ಲ್ಯುಕೇಮಿಯಾ ಲೆಕ್ಕಕ್ಕಿಂತ ಹೆಚ್ಚಿದೆ ಅಂತ ಟಿವಿಯ ಸಾಕ್ಷ್ಯಚಿತ್ರವೊಂದು ತೋರಿಸ್ತು. ವಿಕಿರಣವೇ ಕಾರಣ ಅಂತ ಜನ ಅಂದ್ಕೊಂಡ್ರು. ಸರ್ಕಾರ ತನಿಖೆ ಮಾಡಿಸ್ತು; ಹೊರಬಿದ್ದ ವಿಕಿರಣದ ಪ್ರಮಾಣಕ್ಕೂ ಕಾಯಿಲೆಯ ಲೆಕ್ಕಕ್ಕೂ ಹೊಂದಿಕೆ ಆಗಲಿಲ್ಲ. ಆಗ ಲಿಯೋ ಕಿನ್ಲೆನ್ ಬೇರೆ ದಿಕ್ಕಿನಿಂದ ಯೋಚಿಸಿದ್ರು. ಸೀಸ್ಕೇಲ್ ಒಂದು ಮೂಲೆಯ ಊರು, ಸ್ಥಾವರಕ್ಕಾಗಿ ಹೊರಗಿನಿಂದ ಜನ ಬಂದು ತುಂಬಿಕೊಂಡರು. ಹಾಗಿದ್ರೆ ಅಣು ಸ್ಥಾವರ ಇಲ್ಲದೆ, ಬರೀ ಹೊರಗಿನ ಜನ ಬಂದು ತುಂಬಿದ ಊರಿನಲ್ಲಿ ಏನಾಗಿದೆ? ಸ್ಕಾಟ್ಲೆಂಡಿನ ಗ್ಲೆನ್ರೋಥೆಸ್ ಅಂಥ ಹೊಸ ಊರು. ಅಲ್ಲಿ 25 ವರ್ಷದೊಳಗಿನವರಲ್ಲಿ 3.6 ಪ್ರಕರಣ ನಿರೀಕ್ಷೆ ಇದ್ದಲ್ಲಿ 10 ಇದ್ದವು. 1988ರಲ್ಲಿ ಇದನ್ನ ಪ್ರಕಟಿಸಿ, ಜನ ಬೆರೆತಾಗ ಹರಡೋ ಯಾವುದೋ ಸೋಂಕಿಗೆ ಅಪರೂಪದ ಪ್ರತಿಕ್ರಿಯೆಯಾಗಿ ಲ್ಯುಕೇಮಿಯಾ ಬರ್ತಿರಬೇಕು ಅಂದ್ರು. ಟೆಸ್ಟಿಂಗ್ ಮಾಡೋರಿಗೆ ಈ ಉಪಾಯ ಇಷ್ಟ ಆಗುತ್ತೆ. ಅನುಮಾನ ಇರೋ ಒಂದೇ ಒಂದು ಭಾಗವನ್ನ ತೆಗೆದು, ಮಿಕ್ಕಿದ್ದೆಲ್ಲ ಹಾಗೇ ಇಟ್ಟು ಓಡಿಸಿ ನೋಡೋದು.

ಅದೇ 1988ರಲ್ಲಿ ಲಂಡನ್ನಿನ ಮೆಲ್ ಗ್ರೀವ್ಸ್ ಇನ್ನೊಂದು ವಾದ ಮುಂದಿಟ್ಟರು. ನಮ್ಮಕ್ಕನ ವಾಟ್ಸಾಪಿಗೆ ಬಂದಿದ್ದ ಬ್ರಿಟನ್ ವಿಜ್ಞಾನಿ ಇವರೇ. ಅವರ ಪ್ರಕಾರ ಕಾಯಿಲೆಗೆ ಎರಡು ಹೆಜ್ಜೆ. ಮೊದಲನೇದು ತಾಯಿಯ ಗರ್ಭದಲ್ಲೇ, ಜೀನಿನಲ್ಲಿ ಆಕಸ್ಮಿಕವಾಗಿ ಆಗೋ ಬದಲಾವಣೆ. ಎರಡನೇದು ಹುಟ್ಟಿ ಕೆಲವು ವರ್ಷದ ಮೇಲೆ. ಎಳೆತನದಲ್ಲಿ ಸಣ್ಣಪುಟ್ಟ ಸೋಂಕು ತಗುಲಿ ಪಳಗದ ರೋಗನಿರೋಧಕ ವ್ಯವಸ್ಥೆ, ಆಮೇಲೆ ತಡವಾಗಿ ಸಾಮಾನ್ಯ ಸೋಂಕೊಂದು ಬಂದಾಗ ಮಿತಿಮೀರಿ ರೇಗುತ್ತೆ, ಆ ಗದ್ದಲದಲ್ಲಿ ಎರಡನೇ ಬದಲಾವಣೆ ಆಗಿಬಿಡುತ್ತೆ. ಮರುವರ್ಷ, 1989ರಲ್ಲಿ, ಡೇವಿಡ್ ಸ್ಟ್ರಾಕನ್ ಲ್ಯುಕೇಮಿಯಾದ ಸುದ್ದಿಯೇ ಎತ್ತದೆ ಅಲರ್ಜಿ ಬಗ್ಗೆ ಇಂಥದ್ದೇ ಮಾತು ಬರೆದ್ರು. 1958ರ ಮಾರ್ಚಿನ ಒಂದೇ ವಾರದಲ್ಲಿ ಹುಟ್ಟಿದ 17,414 ಬ್ರಿಟಿಷ್ ಮಕ್ಕಳನ್ನ ಗಮನಿಸಿದಾಗ, ಅಣ್ಣ-ಅಕ್ಕಂದಿರು ಹೆಚ್ಚಿದ್ದಷ್ಟೂ ಹೇ ಫೀವರ್, ಅಂದ್ರೆ ಪರಾಗದ ಅಲರ್ಜಿಯಿಂದ ಮೂಗು ಸೋರೋದು, ಕಡಿಮೆ ಇತ್ತು. ಹಿರಿಯ ಮಕ್ಕಳು ಮನೆಗೆ ತರೋ ಸೋಂಕೇ ಕಿರಿಯರನ್ನ ಕಾಪಾಡ್ತಿರಬಹುದು ಅಂತ ಅವರ ಊಹೆ. ಹೈಜೀನ್ ಹೈಪಾಥಿಸಿಸ್ ಅಂತ ಹೆಸರಾದದ್ದು ಇದೇ.

ಈಗ ನೋಡಿ, ಎರಡೂ ಊಹೆ ನಿಜವಾದ್ರೆ ಏನಾಗಬೇಕು? ಎಳೆತನದಲ್ಲಿ ಸೋಂಕು ಕಡಿಮೆಯಾದ್ರೆ ಅಲರ್ಜಿಯೂ ಹೆಚ್ಚಬೇಕು, ಲ್ಯುಕೇಮಿಯಾವೂ ಹೆಚ್ಚಬೇಕು. ಎರಡೂ ಒಂದೇ ಮಗುವಿನಲ್ಲಿ ಜೊತೆಜೊತೆಗೆ ಕಾಣಬೇಕು. ಅಂದ್ರೆ ಅಕ್ಕನ ಮೊದಲ ಪ್ರಶ್ನೆ, ಆ ಗಂಧೆಯ ಪ್ರಶ್ನೆ, ದಡ್ಡ ಪ್ರಶ್ನೆ ಆಗಿರಲೇ ಇಲ್ಲ. ನಾನೇ ಮಲ್ಕೋ ಅಂದುಬಿಟ್ಟಿದ್ದೆ.

ಲೆಕ್ಕ ಹಾಕಿ ನೋಡಿದಾಗ ಬಂದದ್ದು ಉಲ್ಟಾ. 2000ದಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ಪ್ರಕಟವಾಯ್ತು. ಎಎಲ್ಎಲ್ ಬಂದ 1,842 ಮಕ್ಕಳು, ಬರದ 1,986 ಮಕ್ಕಳು. ಅಸ್ತಮಾ, ಹೇ ಫೀವರ್, ಎಸ್ಜಿಮಾ ಇತ್ತಾ ಅಂತ ಪೋಷಕರನ್ನ ಕೇಳಿದ್ರು. ಅಲರ್ಜಿ ಇದ್ದ ಮಕ್ಕಳಲ್ಲಿ ಲ್ಯುಕೇಮಿಯಾ ಕಡಿಮೆ, ಸುಮಾರು 30 ಶೇಕಡಾ. 2003ರಲ್ಲಿ ಜರ್ಮನಿಯಲ್ಲೂ ಹಾಗೇ. ಹೇ ಫೀವರ್ ಇದ್ದವರಲ್ಲಿ ಅಪಾಯ ಅರ್ಧದ ಆಸುಪಾಸು. ಬ್ರಿಟನ್ನಿನಲ್ಲಿ 1990ರ ದಶಕದಲ್ಲಿ ದೇಶದ ಉದ್ದಗಲಕ್ಕೂ ನಡೆದ ಮಕ್ಕಳ ಕ್ಯಾನ್ಸರ್ ಅಧ್ಯಯನದಿಂದ 2007ರಲ್ಲಿ ಬಂದ ವರದಿಯಲ್ಲೂ ಎಸ್ಜಿಮಾ, ಹೇ ಫೀವರ್ ಇದ್ದ ಮಕ್ಕಳದ್ದು ಇದೇ ಕಥೆ. 2010ರಲ್ಲಿ ಇಂಥ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿದಾಗಲೂ ಅಲರ್ಜಿ ಕಾಪಾಡುತ್ತೆ ಅನ್ನೋ ಹಾಗೇ ಕಾಣ್ತು.

ವಿವರಣೆಯೂ ಕೈಲಿ ಸಿದ್ಧವಿತ್ತು. ಅಲರ್ಜಿ ಅಂದ್ರೆ ಕಾವಲುಗಾರ ಅತಿ ಚುರುಕಾಗಿರೋದು. ಎಲೆ ಅಲ್ಲಾಡಿದ್ರೂ ಬೊಗಳೋ ನಾಯಿ ಕಳ್ಳನನ್ನೂ ಬಿಡಲ್ಲ, ಕೆಟ್ಟ ಜೀವಕೋಶ ಹುಟ್ಟಿದ ಕೂಡಲೇ ಹಿಡಿಯುತ್ತೆ ಅಂತ. ಗ್ಲಿಯೋಮಾ ಅನ್ನೋ ಮೆದುಳಿನ ಗೆಡ್ಡೆಯ ವಿಷಯದಲ್ಲಿ ಅಲರ್ಜಿ ಇರೋರಿಗೆ ಅಪಾಯ ಕಡಿಮೆ ಅಂತ ಮತ್ತೆ ಮತ್ತೆ ಕಂಡಿದ್ದರಿಂದ ಈ ಮಾತಿಗೆ ಬಲವೂ ಇತ್ತು.

ಆದರೆ 2004ರಲ್ಲಿ, ಅಮೆರಿಕದ್ದೇ ಇನ್ನೊಂದು ಚಿಕ್ಕ ಅಧ್ಯಯನ ಬಂದಿತ್ತು. ಅವರು ತಾಯಂದಿರನ್ನ ಕೇಳಲಿಲ್ಲ, ಆರೋಗ್ಯ ವಿಮಾ ಯೋಜನೆಗಳ ವೈದ್ಯಕೀಯ ದಾಖಲೆ ತೆಗೆದ್ರು. ಅಲ್ಲಿ ಅಲರ್ಜಿ ದಾಖಲಾಗಿದ್ದ ಮಕ್ಕಳಲ್ಲಿ ಲ್ಯುಕೇಮಿಯಾ ಹೆಚ್ಚಿತ್ತು! 2012ರಲ್ಲಿ ತೈವಾನಿನ ರಾಷ್ಟ್ರೀಯ ಆರೋಗ್ಯ ವಿಮೆಯ ದಾಖಲೆಗಳಿಂದ ಮಾಡಿದ ಅಧ್ಯಯನದಲ್ಲೂ ಹೆಚ್ಚು. ಇದಕ್ಕೂ ವಿವರಣೆ ಸಿದ್ಧ: ಸದಾ ಕೆರಳಿರೋ ರೋಗನಿರೋಧಕ ವ್ಯವಸ್ಥೆಯಲ್ಲಿ ಬಿಳಿ ರಕ್ತಕಣಗಳು ಮೇಲಿಂದ ಮೇಲೆ ಒಡೆದು ಹೆಚ್ಚುತ್ತವೆ, ಹೆಚ್ಚುವಾಗ ತಪ್ಪುಗಳೂ ಹೆಚ್ಚುತ್ತವೆ. ಫಲಿತಾಂಶ ಯಾವ ಕಡೆ ಬಿದ್ರೂ ಕಾರಣ ತಯಾರಿದ್ದರೆ ನನಗಂತೂ ಅನುಮಾನ ಶುರುವಾಗುತ್ತೆ. ಆಫೀಸಿನಲ್ಲಿ ಸರ್ವರ್ ನಿಧಾನ ಆದ್ರೂ ನೆಟ್‌ವರ್ಕ್, ಜೋರಾದ್ರೂ ನೆಟ್‌ವರ್ಕ್ ಅನ್ನೋರ ಹಾಗೆ.

ಹಾಗಾದ್ರೆ ಅಮ್ಮಂದಿರು ಮರೆತರಾ? ಇಲ್ಲೇ ನಾನು ರಾತ್ರಿಗಟ್ಟಲೆ ಸಿಕ್ಕಿಹಾಕಿಕೊಂಡದ್ದು.

ಬ್ರಿಟನ್ನಿನ ಆ ಅಧ್ಯಯನದಲ್ಲಿ ಎರಡೂ ಇದ್ದವು. ತಾಯಂದಿರ ಜೊತೆ ಮಾತಾಡಿ ಬರಕೊಂಡದ್ದೂ ಇತ್ತು, ಅದೇ ಮಕ್ಕಳ ಬಗ್ಗೆ ಅವರ ಫ್ಯಾಮಿಲಿ ಡಾಕ್ಟರು ಆಗಾಗಲೇ ಬರೆದಿಟ್ಟ ಟಿಪ್ಪಣಿಯೂ ಇತ್ತು. 2007ರಲ್ಲಿ ಮೊದಲ ವರ್ಷದ ಸೋಂಕುಗಳ ವಿಷಯದಲ್ಲಿ ಎರಡನ್ನೂ ತಾಳೆ ನೋಡಿದ್ರು. ತಾಳೆ ಆಗಲಿಲ್ಲ. ಡಾಕ್ಟರ ಚೀಟಿಯಲ್ಲಿದ್ದ ಎಷ್ಟೋ ಸೋಂಕುಗಳು ತಾಯಂದಿರ ಮಾತಿನಲ್ಲಿ ಬಂದಿರಲಿಲ್ಲ. ಇದರಲ್ಲಿ ಆಶ್ಚರ್ಯ ಏನಿದೆ? ನಾಲ್ಕು ವರ್ಷದ ಹಿಂದಿನ ಯಾವ ತಿಂಗಳು ಮಗುವಿಗೆ ಕಿವಿ ಸೋರ್ತಿತ್ತು ಅಂತ ಯಾರು ಲೆಕ್ಕ ಇಟ್ಟಿರ್ತಾರೆ? ನಮ್ಮವ್ವನ್ನ ಕೇಳಿದ್ರೆ ನನಗೆ ದಡಾರ ಬಂದದ್ದು ಯಾವ ಜಾತ್ರೆ ವಾರ ಅಂತ ಹೇಳ್ತಾಳೆ, ಇಸವಿ ಮಾತ್ರ ಒಂದೊಂದ್ಸಲ ಒಂದೊಂದು.

ಕಾಯಿಲೆ ಇಲ್ಲದ ಮಕ್ಕಳನ್ನ ಎಲ್ಲಿಂದ ತಂದ್ರು ಅನ್ನೋದೂ ಮುಖ್ಯ. 2000ದ ಅಮೆರಿಕನ್ ಅಧ್ಯಯನದಲ್ಲಿ ಯಾದೃಚ್ಛಿಕವಾಗಿ ಫೋನ್ ನಂಬರ್ ಒತ್ತಿ ಕಂಟ್ರೋಲ್ ಕುಟುಂಬಗಳನ್ನ ಹುಡುಕಿದ್ರು. ಅಪರಿಚಿತರ ಫೋನ್ ಎತ್ತಿ, ಮುಕ್ಕಾಲು ಗಂಟೆ ಪ್ರಶ್ನೆಗೆ ಉತ್ತರ ಕೊಡೋರು ಯಾರು? ಸ್ವಲ್ಪ ಅನುಕೂಲಸ್ಥರು, ಓದಿದವರು. ಮಗು ಸೀನಿದ್ರೂ ಡಾಕ್ಟರ ಹತ್ರ ಹೋಗಿ ಅಲರ್ಜಿ ಅಂತ ಹೆಸರು ಹಾಕಿಸಿಕೊಂಡು ಬರೋರೂ ಹೆಚ್ಚಾಗಿ ಅವರೇ. ಆಗ ಆರೋಗ್ಯವಂತ ಮಕ್ಕಳ ಗುಂಪಿನಲ್ಲಿ ಅಲರ್ಜಿ ಹೆಚ್ಚಿರೋ ಹಾಗೆ ಕಾಣುತ್ತೆ, ಅಲರ್ಜಿ ಲ್ಯುಕೇಮಿಯಾದಿಂದ ಕಾಪಾಡಿದ ಹಾಗೂ ಕಾಣುತ್ತೆ. ನಮ್ಮೂರಲ್ಲಿ ಬೆಳೆದ ನನಗೆ ಇದು ಬೇಗ ಅರ್ಥ ಆಯ್ತು. ನಮ್ಮ ಕಡೆ ಅರ್ಧ ಊರಿಗೆ ಸುಗ್ಗಿಯ ಹೊಟ್ಟಿನ ಧೂಳಿಗೆ ಮೂಗು ಸೋರ್ತಿತ್ತು. ಯಾರಿಗೂ ಅಲರ್ಜಿ ಇರಲಿಲ್ಲ, ಎಲ್ಲರಿಗೂ ನೆಗಡಿ ಇತ್ತು.

ದಾಖಲೆಯೂ ದೇವರಲ್ಲ, ಅದನ್ನೂ ಹೇಳಬೇಕು. ಲ್ಯುಕೇಮಿಯಾ ಗೊತ್ತಾಗೋ ಮುಂಚಿನ ತಿಂಗಳುಗಳಲ್ಲಿ ಮಗು ಸಪ್ಪೆಯಾಗಿರುತ್ತೆ, ಪದೇ ಪದೇ ಕ್ಲಿನಿಕ್ಕಿಗೆ ಹೋಗ್ತಾರೆ, ಹೋದಾಗಲೆಲ್ಲ ಚೀಟಿಯಲ್ಲಿ ಏನಾದರೊಂದು ಹೆಸರು ಬೀಳುತ್ತೆ. ಡಾಕ್ಟರ ಹತ್ರ ಹೋಗದ ಗಂಧೆ ದಾಖಲೆಯಲ್ಲಿ ಇರೋದೇ ಇಲ್ಲ, ಕಂಬಳಿಯಲ್ಲೇ ಮುಗಿದಿರುತ್ತೆ. ಆದ್ದರಿಂದ ನೆನಪು ಸುಳ್ಳು, ದಾಖಲೆ ನಿಜ ಅಂತ ಗೆರೆ ಎಳೆಯೋಕೆ ಆಗಲ್ಲ.

ಅದೇ 2007ರ ಬ್ರಿಟಿಷ್ ಚೀಟಿಗಳಲ್ಲಿ ಇನ್ನೊಂದು ವಿಷಯ ಹೊರಬಿತ್ತು, ನನಗೆ ಇಡೀ ಕಥೆಯಲ್ಲಿ ಅತಿ ಮುಖ್ಯ ಅನಿಸಿದ್ದು. ಗ್ರೀವ್ಸ್ ಊಹೆ ಪ್ರಕಾರ ಮುಂದೆ ಎಎಲ್ಎಲ್ ಬರೋ ಮಕ್ಕಳಿಗೆ ಮೊದಲ ವರ್ಷ ಸೋಂಕು ಕಡಿಮೆ ಇರಬೇಕಿತ್ತು. ಡಾಕ್ಟರ ದಾಖಲೆಯಲ್ಲಿ ಹೆಚ್ಚಿತ್ತು. ಸರಾಸರಿ 3.6 ಸಲ, ಮಿಕ್ಕ ಮಕ್ಕಳಲ್ಲಿ 3.1 ಸಲ. ಇತ್ತ ಅದೇ ಅಧ್ಯಯನದ 2005ರ ವರದಿಯಲ್ಲಿ, ಎಳೆತನದಲ್ಲೇ ಶಿಶುವಿಹಾರದಂಥ ಕಡೆ ಬೇರೆ ಮಕ್ಕಳ ಜೊತೆ ಬೆರೆತವರಿಗೆ ಅಪಾಯ ಕಡಿಮೆ ಅಂತ ಬಂದಿತ್ತು. ಅದು ಆಮೇಲೆ ಹನ್ನೊಂದು ಅಧ್ಯಯನಗಳ ಏಳು ಸಾವಿರಕ್ಕೂ ಹೆಚ್ಚು ಕಾಯಿಲೆಯ ಮಕ್ಕಳ ಲೆಕ್ಕವನ್ನ 2015ರಲ್ಲಿ ಒಟ್ಟು ಹಾಕಿದಾಗಲೂ ನಿಂತಿತು. ಬೆರೆತ್ರೆ ಒಳ್ಳೇದು, ಆದರೆ ಕಾಯಿಲೆ ಬರೋ ಮಕ್ಕಳಿಗೆ ಎಳೆತನದ ಸೋಂಕೂ ಹೆಚ್ಚು. ಎರಡೂ ಹೇಗೆ ನಿಜ?

ಒಂದು ಸಾಧ್ಯತೆ: ಸೋಂಕು ಹೆಚ್ಚಲ್ಲ, ಸೋಂಕಿಗೆ ಆ ಮಕ್ಕಳ ಮೈ ಕೊಡೋ ಉತ್ತರವೇ ಹುಟ್ಟಿನಿಂದ ಬೇರೆ. ಅದೇ ನೆಗಡಿ, ಆದರೆ ಇವರಿಗೆ ಡಾಕ್ಟರ ಹತ್ರ ಹೋಗೋವಷ್ಟು ಜೋರು. ಇದನ್ನ ನೋಡೋಕೆ ತಾಯಿ ನೆನಪೂ ಸಾಲದು, ಡಾಕ್ಟರ ಚೀಟಿಯೂ ಸಾಲದು. ಹುಟ್ಟಿದಾಗಿನ ರಕ್ತವೇ ಬೇಕು.

ಅದೃಷ್ಟಕ್ಕೆ ಅದು ಇತ್ತು. 1960ರ ದಶಕದಲ್ಲಿ ರಾಬರ್ಟ್ ಗತ್ರಿ ಅನ್ನೋ ಅಮೆರಿಕದ ವಿಜ್ಞಾನಿ, ಹುಟ್ಟಿದ ಮಗುವಿನ ಹಿಮ್ಮಡಿ ಚುಚ್ಚಿ ಒಂದೆರಡು ಹನಿ ರಕ್ತವನ್ನ ಫಿಲ್ಟರ್ ಪೇಪರಿನ ಮೇಲೆ ಒಣಗಿಸಿ ಪರೀಕ್ಷಿಸೋ ಪದ್ಧತಿ ತಂದಿದ್ರು, ಬೇರೆ ಕಾಯಿಲೆಗೆ. ಕೆಲವು ಕಡೆ ಆ ಕಾರ್ಡುಗಳನ್ನ ಎಸೆಯದೆ ಇಟ್ಟಿದ್ರು. 1990ರ ದಶಕದ ಕೊನೆಗೆ ಗ್ರೀವ್ಸ್, ಜೋಸೆಫ್ ವೀಮೆಲ್ಸ್ ಮತ್ತವರ ತಂಡ ಲ್ಯುಕೇಮಿಯಾ ಬಂದ ಮಕ್ಕಳ ಹಳೇ ಕಾರ್ಡು ಹುಡುಕಿ ನೋಡಿದ್ರೆ, ಕ್ಯಾನ್ಸರಿನ ಮೊದಲ ಜೀನ್ ಬದಲಾವಣೆ ಆ ಒಣಗಿದ ಹನಿಯಲ್ಲೇ ಇತ್ತು. ಕಾಯಿಲೆಗೆ ವರ್ಷಗಳ ಮೊದಲು, ಹುಟ್ಟಿದ ದಿನವೇ. ಮೊದಲ ಹೆಜ್ಜೆ ಗರ್ಭದಲ್ಲಿ ಅನ್ನೋ ಮಾತು ನಿಜವಾಯ್ತು. ಆ ಬದಲಾವಣೆ ನೂರಕ್ಕೆ ಒಂದು ಮಗುವಿನಲ್ಲಿ ಇರುತ್ತೆ ಅಂತ ಮೊದಲು ಲೆಕ್ಕ ಹಾಕಿದ್ರು, 2018ರಲ್ಲಿ ಬೇರೆ ವಿಧಾನದಿಂದ ನೋಡಿದವರು ನೂರಕ್ಕೆ ಐದು ಅಂದ್ರು. ಯಾವುದೇ ಆಗಲಿ, ಅದು ಇರೋ ಮಕ್ಕಳಲ್ಲಿ ತೀರಾ ಕೆಲವರಿಗೆ ಮಾತ್ರ ಕಾಯಿಲೆ ಬರುತ್ತೆ.

2011ರಲ್ಲಿ ಕ್ಯಾಲಿಫೋರ್ನಿಯಾದ ಕಾರ್ಡುಗಳಲ್ಲಿ ವೀಮೆಲ್ಸ್ ತಂಡ ಇನ್ನೊಂದನ್ನ ಅಳೀತು: ಐಎಲ್-10. ಇದು ರೋಗನಿರೋಧಕ ವ್ಯವಸ್ಥೆಯ ಬ್ರೇಕು. ಸೋಂಕಿನ ವಿರುದ್ಧದ ಗಲಾಟೆ ಕೈಮೀರದ ಹಾಗೆ ತಡೆಯೋ ಪ್ರೊಟೀನು. ಮುಂದೆ ಎಎಲ್ಎಲ್ ಬಂದ ಮಕ್ಕಳಲ್ಲಿ ಹುಟ್ಟುವಾಗಲೇ ಅದು ತೀರ ಕಡಿಮೆ ಇತ್ತು. ಸಣ್ಣ ಅಧ್ಯಯನ, ಇದೊಂದರ ಮೇಲೇ ಮನೆ ಕಟ್ಟೋಕಾಗಲ್ಲ. ಆದರೆ ಬ್ರೇಕು ಸಡಿಲ ಇರೋ ಮಗುವಿಗೆ ಎಳೆತನದ ನೆಗಡಿಯೂ ಜೋರಾಗಿ ಕಾಣಬಹುದು, ಮೈ ಮೇಲೆ ಗಂಧೆಯೂ ಏಳಬಹುದು, ಮುಂದೊಂದು ದಿನ ಆ ಎರಡನೇ ಹೆಜ್ಜೆಯೂ ಆಗಬಹುದು. ಹಾಗಿದ್ರೆ ಅಲರ್ಜಿ ಲ್ಯುಕೇಮಿಯಾ ತರಲ್ಲ, ಕಾಪಾಡೋದೂ ಇಲ್ಲ. ಎರಡೂ ಒಂದೇ ಬೇರಿನಿಂದ ಬಂದ ಬೇರೆ ಬೇರೆ ಚಿಗುರು. ಈ ದಾರಿ ನನಗೆ ಮಿಕ್ಕವಕ್ಕಿಂತ ಸರಿ ಅನಿಸುತ್ತೆ. ಅನಿಸುತ್ತೆ, ಅಷ್ಟೇ.

2018ರಲ್ಲಿ ಗ್ರೀವ್ಸ್ ಮೂವತ್ತು ವರ್ಷದ ಕೆಲಸವನ್ನೆಲ್ಲ ಸೇರಿಸಿ ಒಂದು ದೊಡ್ಡ ಲೇಖನ ಬರೆದ್ರು. ಪತ್ರಿಕೆಗಳು ಅದನ್ನ "ಅತಿ ಸ್ವಚ್ಛತೆಯಿಂದ ಕ್ಯಾನ್ಸರ್" ಅಂತ ಕತ್ತರಿಸಿದವು. ಹಾಗೇ ಕತ್ತರಿಸಿಕೊಂಡು ಸುತ್ತಿ ಸುತ್ತಿ ನಮ್ಮಕ್ಕನ ಫೋನಿಗೆ ಬಂತು. ಮೊದಲ ಹೆಜ್ಜೆ ಗರ್ಭದಲ್ಲಿ, ಯಾರ ತಪ್ಪೂ ಇಲ್ಲದೆ, ಅನ್ನೋ ಅರ್ಧ ಭಾಗ ದಾರಿಯಲ್ಲೇ ಉದುರಿಹೋಗಿತ್ತು.

ಹುಡುಗನ ಮೇಂಟೆನೆನ್ಸ್ ಚಿಕಿತ್ಸೆ ನಡೀತಿದ್ದಾಗ ವಾರಕ್ಕೊಮ್ಮೆ ಹಳದಿ ಮಾತ್ರೆ ಕೊಡ್ತಿದ್ರು, ಮೆಥೊಟ್ರೆಕ್ಸೇಟ್. ಅದರ ಹಿಂದೆ ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಇದ್ದಾರೆ. ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಅವರ ತಂಡ ತಯಾರಿಸಿದ ಅಮಿನಾಪ್ಟೆರಿನ್ ಕೊಟ್ಟು, ಬಾಸ್ಟನ್ನಿನಲ್ಲಿ ಸಿಡ್ನಿ ಫಾರ್ಬರ್ 1948ರಲ್ಲಿ ಮೊದಲ ಬಾರಿಗೆ ಲ್ಯುಕೇಮಿಯಾ ಮಕ್ಕಳನ್ನ ತಾತ್ಕಾಲಿಕವಾಗಿಯಾದ್ರೂ ಚೇತರಿಸಿಕೊಳ್ಳೋ ಹಾಗೆ ಮಾಡಿದ್ರು. ಮೆಥೊಟ್ರೆಕ್ಸೇಟ್ ಅದರ ತಮ್ಮ ಇದ್ದ ಹಾಗೆ. ಕಾರಣ ಇನ್ನೂ ಪೂರ್ತಿ ತಿಳಿಯದ ಕಾಯಿಲೆಗೆ ಔಷಧ ಮಾತ್ರ ಎಪ್ಪತ್ತೈದು ವರ್ಷದ ಹಿಂದೆಯೇ ಹೊರಟಿತ್ತು. ಇದನ್ನ ಅಕ್ಕನಿಗೆ ಹೇಳಿದಾಗ ಅವಳು ಆ ಮಾತ್ರೆ ಸ್ಟ್ರಿಪ್ಪನ್ನ ತಿರುಗಿಸಿ ತಿರುಗಿಸಿ ನೋಡಿದ್ಲು.

ಹೋದ ಯುಗಾದಿಗೆ ಊರಿಗೆ ಹೋಗಿದ್ದಾಗ ಜಗಲಿ ಮೇಲೆ ಕೂತು ಇದೆಲ್ಲ ಅವಳಿಗೆ ಹೇಳಿದೆ, ಸ್ಟುವರ್ಟ್, ಕಾರ್ಡಿನ ಮೇಲಿನ ರಕ್ತದ ಹನಿ, ಎಲ್ಲ. ಅರ್ಧ ಗಂಟೆ ಕೇಳಿದ್ಲು. ಆಮೇಲೆ, "ಅಂದ್ರೆ ಇವನು ಹುಟ್ಟುವಾಗಲೇ ಅದು ಇತ್ತು ಅಂತೀಯಾ?" ಅಂದ್ಲು. ಮೊದಲ ಹೆಜ್ಜೆ ಇದ್ದಿರಬೇಕು ಕಣಕ್ಕ, ಅಂದೆ. "ಹಂಗಾದ್ರೆ ನನ್ನ ಹೊಟ್ಟೇಲೇ ಆಗಿದ್ದು." ನನಗೆ ಅದಕ್ಕೆ ಉತ್ತರ ಹೊಳೆಯಲಿಲ್ಲ. ಇಷ್ಟೆಲ್ಲ ಓದಿ ಅವಳ ತಲೆಮೇಲಿಂದ ಒಂದು ಭಾರ ಇಳಿಸಿ ಇನ್ನೊಂದು ಇಟ್ಟೆನಾ ಅಂತ ಗಾಬರಿ ಆಯ್ತು. ಅದು ಆಕಸ್ಮಿಕ, ಯಾರ ಹೊಟ್ಟೇಲಾದ್ರೂ ಆಗುತ್ತೆ, ಎಷ್ಟೋ ಮಕ್ಕಳಿಗೆ ಆಗಿ ಏನೂ ಆಗದೇ ಹೋಗುತ್ತೆ ಅಂತ ಮತ್ತೆ ಶುರು ಮಾಡಿದೆ. ಅವಳು ಅಂಗಳದ ಕಡೆ ನೋಡ್ತಿದ್ಲು. ಹುಡುಗ ತೆಂಗಿನ ಬುಡದಲ್ಲಿ ಮಣ್ಣು ಕೆದಕ್ತಾ ಕೂತಿದ್ದ, ಮೊಣಕೈವರೆಗೂ ಕೆಸರು. "ಬರೋ, ಕೈ ತೊಳ್ಕೋ" ಅಂತ ಕರೆಯೋಕೆ ಬಾಯಿ ತೆರೆದವಳು ನನ್ನ ಮುಖ ನೋಡಿದ್ಲು. "ಇನ್ನೊಂದು ಹತ್ತು ನಿಮಿಷ ಆಡ್ಲಿ ಬಿಡು" ಅಂದ್ಲು.